ಅಹಮದಾಬಾದಿನ ಪಂದ್ಯಕ್ಕೆ ನಾನು ಬೇಡವೆಂದ ಆಟಗಾರ್ತಿ

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ನಾನಾಗ ವಡೋದರಾದ ಒಂದು ಮಹಿಳಾ ಫುಟ್‌ಬಾಲ್ ತಂಡದ ಫಿಸಿಯೋಥೆರಪಿಸ್ಟ್ ಆಗಿದ್ದೆ. ಯಜಮಾನರ ಬ್ಯಾಂಕ್ ವರ್ಗಾವಣೆಯ ಬೆನ್ನಿಗೆ ಹುಬ್ಬಳ್ಳಿಯಿಂದ ಬಂದವಳು ನಾನು. ಬೆಳಿಗ್ಗೆ ಕ್ಲಿನಿಕ್, ಸಂಜೆ ಮೈದಾನ. ಉಳುಕಿದ ಪಾದ, ಹಿಡಿದುಕೊಂಡ ತೊಡೆ, ಊದಿದ ಮೊಣಕಾಲು, ಇವಿಷ್ಟನ್ನು ಸರಿಮಾಡಿ ಹುಡುಗಿಯರನ್ನು ಮತ್ತೆ ಆಟಕ್ಕೆ ಕಳಿಸುವುದು ನನ್ನ ಕೆಲಸ. ಕಳಿಸಬಾರದ ಸಂದರ್ಭವೂ ಬರುತ್ತದೆಂದು ಓದಿದ್ದೆ. ಆ ವರ್ಷದವರೆಗೆ ಬಂದಿರಲಿಲ್ಲ.

ತಂಡವನ್ನು ನಡೆಸುತ್ತಿದ್ದದ್ದು ಒಂದು ಕೆಮಿಕಲ್ ಕಂಪನಿ. ಆ ಸಲ ನಾವು ಸಾಲುಸಾಲಾಗಿ ಸೋತು ಕೊನೆಯ ಪಂದ್ಯಕ್ಕೆ ಬಂದಿದ್ದೆವು. ಅದು ಅಹಮದಾಬಾದಿನಲ್ಲಿ. ಗೆದ್ದರೆ ಮೇಲಿನ ವಿಭಾಗದಲ್ಲಿ ಉಳಿಯುತ್ತೇವೆ. ಡ್ರಾ ಆದರೂ ಕೆಳಗೆ ಇಳಿಯುತ್ತೇವೆ. ಇಳಿದರೆ ತಂಡವನ್ನು ಮುಚ್ಚುವುದಾಗಿ ಕಂಪನಿಯವರು ಮೊದಲೇ ತಿಳಿಸಿದ್ದರು.

ನಮ್ಮ ಕೋಚ್ ದೇಸಾಯಿ ಸರ್ ಸೂರತ್ತಿನವರು, ಕಡಿಮೆ ಮಾತಿನ ಮನುಷ್ಯ. ಎದುರಾಳಿಗಳ ಹಳೆಯ ಪಂದ್ಯಗಳ ವಿಡಿಯೋ ನೋಡಿ ಅವರು ಕಂಡುಕೊಂಡಿದ್ದು ಸರಳವಾಗಿತ್ತು. ಆ ತಂಡದ ಹೆಚ್ಚಿನ ಗೋಲುಗಳು ಕಾರ್ನರ್ ಕಿಕ್‌ನಿಂದ ಬಂದವು. ಅವರಲ್ಲೊಬ್ಬಳು ಎತ್ತರದ ಹುಡುಗಿ. ಮೂಲೆಯಿಂದ ಎತ್ತಿ ಹೊಡೆದ ಚೆಂಡು ಗೋಲಿನ ಮುಂದೆ ಇಳಿಯುವಾಗ ಅದನ್ನು ತಲೆಯಿಂದ ಒಳಗೆ ತಳ್ಳುತ್ತಾಳೆ. ಅವಳಿಗಿಂತ ಮೊದಲು ಜಿಗಿದು ಚೆಂಡನ್ನು ತಲೆಯಿಂದ ಆಚೆ ಕಳಿಸಬಲ್ಲವಳು ನಮ್ಮಲ್ಲಿ ಒಬ್ಬಳೇ, ನಾಯಕಿ ಪ್ರತೀಕ್ಷಾ. ಗೆಲುವಿನ ಲೆಕ್ಕಾಚಾರವೆಲ್ಲ ಅವಳ ತಲೆಯ ಮೇಲೆ ನಿಂತಿತ್ತು. ಆ ತಲೆಗೇ ಹಿಂದಿನ ವಾರ ಸೂರತ್ತಿನ ಪಂದ್ಯದಲ್ಲಿ ಪೆಟ್ಟು ಬಿದ್ದಿತ್ತು.

ಪ್ರತೀಕ್ಷಾಳ ತಂದೆ ನಾಗೇಶ ಶೆಟ್ಟರು ಕುಂದಾಪುರದ ಕಡೆಯವರು. ವಡೋದರಾ ಸ್ಟೇಷನ್ ಹತ್ತಿರ ಅವರ ದೋಸೆ ಹೋಟೆಲು. ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ; ಗುಜರಾತಿಯಲ್ಲಿ ಜಗಳ, ಹಿಂದಿಯಲ್ಲಿ ಹರಟೆ, ಕನ್ನಡ ಅಪ್ಪನ ಜೊತೆ ಮತ್ತು ನನ್ನ ಜೊತೆ ಮಾತ್ರ. ಒಂದು ಸರ್ಕಾರಿ ಸಂಸ್ಥೆಯವರು ಕ್ರೀಡಾ ಕೋಟಾದ ನೌಕರಿಗೆ ಆಟಗಾರ್ತಿಯರನ್ನು ಆರಿಸಲು ಅಹಮದಾಬಾದಿನ ಪಂದ್ಯಕ್ಕೆ ಬರುವವರಿದ್ದರು. ಅವಳ ಹೆಸರನ್ನು ಅವರು ಆಗಲೇ ವಿಚಾರಿಸಿದ್ದರು. ವಯಸ್ಸಿನ ಮಿತಿ ದಾಟುವ ಮುಂಚೆ ಅವಳಿಗಿದ್ದ ಅವಕಾಶ ಅದೊಂದೇ.

ಸೂರತ್ತಿನಲ್ಲಿ ಅವಳೂ ಎದುರಾಳಿ ಆಟಗಾರ್ತಿಯೊಬ್ಬಳೂ ಒಂದೇ ಚೆಂಡಿಗೆ ಜಿಗಿದು ತಲೆಗೆ ತಲೆ ತಾಗಿಸಿಕೊಂಡಿದ್ದರು. ಪ್ರತೀಕ್ಷಾ ಎದ್ದು ನಿಂತಳು. ಆದರೆ ನಮ್ಮ ಗೋಲು ಯಾವ ಕಡೆ ಎಂದು ಕೇಳಿದಾಗ ಕ್ಷಣ ಹೊತ್ತು ಸುತ್ತಲೂ ನೋಡಿದಳು. ಹೊರಗೆ ಕರೆದುಕೊಂಡೆ. ಅಲ್ಲೇ ಕತಾರ್‌ಗಾಮ್ ಬಡಾವಣೆಯ ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ರಕ್ತಸ್ರಾವವಿಲ್ಲ, ಮೂಳೆ ಮುರಿದಿಲ್ಲ, ಎಲ್ಲ ನಾರ್ಮಲ್.

ಇಲ್ಲಿ ಒಂದು ಮಾತು ವಿವರಿಸಬೇಕು. ಪೆಟ್ಟಿನಿಂದ ಮಿದುಳು ಅಲುಗಿ, ಅದರ ಕೆಲಸ ಕೆಲ ಕಾಲ ಏರುಪೇರಾಗುವುದನ್ನು ಕನ್ಕಶನ್ ಎನ್ನುತ್ತಾರೆ. ಸ್ಕ್ಯಾನ್‌ನಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಸಹಿಸದಿರುವುದು, ಇಂಥವುಗಳಿಂದಲೇ ತಿಳಿಯಬೇಕು. ವಿಶ್ರಾಂತಿ, ನಡಿಗೆ, ಓಟ, ಚೆಂಡಿನ ಅಭ್ಯಾಸ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸುತ್ತೇವೆ. ಲಕ್ಷಣ ಮರಳಿತೆಂದರೆ ಹಿಂದಕ್ಕೆ ಇಳಿಸುತ್ತೇವೆ. ಮಿದುಳು ಸುಧಾರಿಸಿಕೊಳ್ಳುವ ಮುಂಚೆ ಎರಡನೇ ಪೆಟ್ಟು ಬಿದ್ದರೆ, ಅಪರೂಪಕ್ಕೆ, ಜೀವಕ್ಕೇ ಅಪಾಯ.

ಪಂದ್ಯಕ್ಕೆ ಎರಡು ದಿನವಿರುವಾಗ ಕ್ಲಬ್ಬಿನ ಕೋಣೆಯಲ್ಲಿ ಅವಳನ್ನು ಪರೀಕ್ಷಿಸಿದೆ. ನಾವಿಬ್ಬರೇ ಇದ್ದೆವು. ತಿಂಗಳುಗಳ ಹೆಸರನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸಿದೆ, ತಡವರಿಸದೆ ಹೇಳಿದಳು. ಒಂಟಿ ಕಾಲಿನ ಮೇಲೆ ನಿಂತಳು. ತಲೆನೋವಿಲ್ಲ ಎಂದಳು. ಆದರೆ ಕಿಟಕಿಗೆ ಬೆನ್ನು ಮಾಡಿಯೇ ಕೂತಿದ್ದಳು. ಟ್ರೆಡ್‌ಮಿಲ್ ಮೇಲೆ ಓಡಿಸಿದೆ. ಸ್ವಲ್ಪ ಹೊತ್ತಿನಲ್ಲೇ ಕೆಳಗಿಳಿದು, ಬಾತ್‌ರೂಮಿಗೆ ಓಡಿ ವಾಂತಿ ಮಾಡಿಕೊಂಡಳು. ಮುಖ ತೊಳೆದು ಬಂದು ಬಾಗಿಲು ಮುಂದೆ ಮಾಡಿದಳು.

"ಆಂಟಿ, ಯಾರೂ ನೋಡಿಲ್ಲ," ಎಂದಳು. "ಹೆಡರ್ ನಾನು ಮಾಡೋದೇ ಇಲ್ಲ, ಪಕ್ಕಾ. ಗೋಲ್ ಮುಂದೆ ಬಾಕ್ಸ್‌ನಲ್ಲಿ ಸುಮ್ನೆ ನಿಂತ್ಕೊಳ್ತೇನೆ. ನೌಕರಿಯವ್ರು ನನ್ನ ನೋಡ್ಬೇಕು, ಅಷ್ಟೇ."

ಚೆಂಡಿಗೆ ತಲೆ ಕೊಡದೆ ನಿಲ್ಲುವ ಹುಡುಗಿಯಲ್ಲ ಅವಳು. ಅದು ಅವಳಿಗೂ ಗೊತ್ತಿತ್ತು. ಇಲ್ಲ ಎಂದೆ. ಅವಳು ಅಳಲಿಲ್ಲ. ನೆಲ ನೋಡುತ್ತ ಶೂಗಳ ಲೇಸು ಬಿಚ್ಚಿ, ಬರಿಗಾಲಲ್ಲಿ ಹೊರಗೆ ಹೋದಳು.

ಸಂಜೆ ಶೆಟ್ಟರು ಹೋಟೆಲು ಬಿಟ್ಟು ಮೈದಾನಕ್ಕೆ ಬಂದರು. ಮಗಳು ಆಟಕ್ಕೆ ಸೇರಿದಾಗ ಮೂರು ವರ್ಷ ಮುನಿಸಿಕೊಂಡಿದ್ದ ಮನುಷ್ಯ ಈಗ ಅವಳ ಪರವಾಗಿ ಕೇಳಲು ಬಂದಿದ್ದರು.

"ಸ್ಕ್ಯಾನಂಗೆ ಎಂತದೂ ಇಲ್ಲ ಅಂದ್ರಲ್ದಾ ಡಾಕ್ಟ್ರು? ಮತ್ತ್ ನೀವ್ ಎಂತಕ್ಕೆ ಬ್ಯಾಡ ಅಂಬ್ದ್?"

"ಇದು ಸ್ಕ್ಯಾನ್‌ನ್ಯಾಗ ಕಾಣೂದಿಲ್ರಿ ಶೆಟ್ರ. ಇನ್ನೊಂದು ಪೆಟ್ಟು ಬಿದ್ರ ಏನಾಕ್ಕೈತಿ ಅಂತ ನನಗ ಹೇಳಾಕ ಆಗೂದಿಲ್ಲ."

"ಹೇಳುಕಾತಿಲ್ಲ ಅಂದ್ರೆ, ಎಂತದೂ ಆಗ್ದೇ ಇಪ್ಪುಕೂ ಸಾಕ್ ಅಲ್ದಾ?"

ಏನೂ ಆಗದೆಯೂ ಇರಬಹುದು ಎಂದೆ.

ದೇಸಾಯಿ ಸರ್ ವಾದಿಸಲಿಲ್ಲ. ಹಾಗಾದರೆ ಕಾರ್ನರನ್ನೇ ಕೊಡದೆ ಆಡಬೇಕು ಎಂದರು. ಮರುದಿನ ಪೂರ್ತಿ ಅದನ್ನೇ ಅಭ್ಯಾಸ ಮಾಡಿಸಿದರು. ಒತ್ತಡ ಬಂದಾಗ ಚೆಂಡನ್ನು ಗೋಲಿನ ಗೆರೆಯ ಕಡೆಗಲ್ಲ, ಪಕ್ಕದ ಗೆರೆಯಾಚೆ ಕಳಿಸಿ. ಅವರಿಗೆ ಥ್ರೋ ಸಿಕ್ಕರೆ ಸಿಗಲಿ, ಕಾರ್ನರ್ ಸಿಗಬಾರದು. ಅವರ ಲೆಫ್ಟ್ ಬ್ಯಾಕ್, ಎಡಬದಿ ಕಾಯುವವಳು, ಓಟದಲ್ಲಿ ನಿಧಾನ, ಅವಳ ಬೆನ್ನ ಹಿಂದಿನ ಜಾಗಕ್ಕೆ ಚೆಂಡು ಹಾಕಿ. ಮೊದಲಾರ್ಧದಲ್ಲೇ ಗೋಲು ಹೊಡೆಯಿರಿ. ಹುಡುಗಿಯರು ತಲೆಯಾಡಿಸಿದರು. ನನ್ನ ಕಡೆ ಯಾರೂ ನೋಡಲಿಲ್ಲ.

ಪಂದ್ಯ ಮಧ್ಯಾಹ್ನದ ಬಿಸಿಲಿಗೆ ಶುರುವಾಯಿತು. ಪ್ರತೀಕ್ಷಾ ಕಪ್ಪು ಕನ್ನಡಕ, ಟೋಪಿ ಹಾಕಿಕೊಂಡು ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದಳು. ಸರ್ ಹೇಳಿದಂತೆಯೇ ಆಯಿತು. ಲೆಫ್ಟ್ ಬ್ಯಾಕ್ ಹಿಂದಿನಿಂದ ನುಗ್ಗಿದ ನಮ್ಮ ಹುಡುಗಿ ಮೊದಲಾರ್ಧದಲ್ಲೇ ಗೋಲು ಹೊಡೆದಳು. ಬೆಂಚಿನವರೆಲ್ಲ ಎದ್ದರು, ಪ್ರತೀಕ್ಷಾ ಏಳಲಿಲ್ಲ. ಎರಡನೆಯ ಅರ್ಧದಲ್ಲಿ ನಮ್ಮವರ ಕಾಲುಗಳು ಸೋತವು. ಪಕ್ಕಕ್ಕೆ ಹೋಗಬೇಕಾದ ಚೆಂಡುಗಳು ಹಿಂದಕ್ಕೆ, ನಮ್ಮದೇ ಗೋಲಿನ ಗೆರೆಯಾಚೆ ಹೋಗತೊಡಗಿದವು. ಒಂದು ಕಾರ್ನರ್‌ನಲ್ಲಿ ಪಾರಾದೆವು. ಇನ್ನೊಂದರಲ್ಲೂ ಪಾರಾದೆವು. ಮೂರನೆಯದಕ್ಕೆ ಆ ಎತ್ತರದ ಹುಡುಗಿ ಮೇಲೆದ್ದಳು; ಅವಳ ಜೊತೆ ಏಳುವವರು ಯಾರೂ ಇರಲಿಲ್ಲ, ಚೆಂಡು ಬಲೆ ಸೇರಿತು.

ಆಗ ಪ್ರತೀಕ್ಷಾ ಎದ್ದು ಗೆರೆಯ ತನಕ ನಡೆದಳು. ಒಳಗೆ ಹೋಗುವವಳಂತೆ ಟ್ರ್ಯಾಕ್‌ಸೂಟಿನ ಜಿಪ್ಪಿಗೆ ಕೈ ಹಾಕಿದ್ದಳು. ಧ್ವಜ ಹಿಡಿದ ರೆಫರಿ ಹಿಂದೆ ಸರಿಯಲು ಸನ್ನೆ ಮಾಡಿದರು. ಪಂದ್ಯ ಮುಗಿಯುವವರೆಗೂ ಅವಳು ಅಲ್ಲಿಯೇ ನಿಂತಿದ್ದಳು. ಒಂದು, ಒಂದು. ಡ್ರಾ.

ಎಕ್ಸ್‌ಪ್ರೆಸ್ ವೇಯಲ್ಲಿ ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಆರಿಸಲು ಬಂದವರು ನಮ್ಮ ತಂಡದ ಯಾರ ಹೆಸರನ್ನೂ ಬರೆದುಕೊಳ್ಳದೆ ಹೋಗಿದ್ದರು. ಮುಂದಿನ ತಿಂಗಳು ಕಂಪನಿ ತಂಡವನ್ನು ಮುಚ್ಚಿತು. ದೇಸಾಯಿ ಸರ್ ಸೂರತ್ತಿಗೆ ಮರಳಿ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರರಾದರು.

ಪ್ರತೀಕ್ಷಾಳ ತಲೆನೋವು ಕಡಿಮೆಯಾಗಲು ಮಳೆಗಾಲ ಕಳೆಯಬೇಕಾಯಿತು. ತಪಾಸಣೆಗೆ ನನ್ನ ಬಳಿ ಬರಲಿಲ್ಲ, ಬೇರೆಯವರಲ್ಲಿಗೆ ಹೋದಳು. ಹೋದ ವರ್ಷ ಯಜಮಾನರ ಜೊತೆ ಶೆಟ್ಟರ ಹೋಟೆಲಿಗೆ ಹೋಗಿದ್ದೆ. ಅವಳು ಕ್ಯಾಶ್ ಕೌಂಟರಿನಲ್ಲಿ ಕೂತಿದ್ದಳು. ಆಟ ಬಿಟ್ಟಿದ್ದಾಳಂತೆ. ನನ್ನನ್ನು ಕಂಡು ಗುರುತಿನ ನಗೆ ನಕ್ಕು ಫೋನಿನ ಕಡೆ ತಿರುಗಿದಳು. ಶೆಟ್ಟರು ತಾವೇ ದೋಸೆ ತಂದಿಟ್ಟು ಟೇಬಲ್ ಪಕ್ಕ ನಿಂತರು. ಸಿಟ್ಟಿಲ್ಲದ ದನಿಯಲ್ಲಿಯೇ ಹೇಳಿದರು:

"ಕಾಣಿ ಅಮ್ಮ, ನಮ್ಮ್ ಹೆಣ್ಣಿಗೆ ಎಂತದೂ ಆಯ್ಲಿಲ್ಲ."

ಹೌದ್ರಿ, ಛಲೋ ಆತು, ಎಂದೆ.

ಈಗ ನನ್ನ ಕೈಕೆಳಗೆ ಕಲಿಯಲು ಬರುವವರಿಗೆ ಈ ಪಂದ್ಯದ ಕಥೆ ಹೇಳುತ್ತೇನೆ. ಆಡಬೇಡ ಎಂದು ನೀವು ತಡೆದವರು ಚೆನ್ನಾಗಿಯೇ ಉಳಿದರೆ, ತಡೆದದ್ದು ಸರಿಯಾಗಿತ್ತೆಂದು ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಆಡಿದ್ದರೂ ಚೆನ್ನಾಗಿಯೇ ಇರುತ್ತಿದ್ದರೇನೋ ಎಂಬ ಮಾತು ಅವರ ಮನೆಯಲ್ಲೂ ಉಳಿಯುತ್ತದೆ, ನಿಮ್ಮ ಮನಸ್ಸಿನಲ್ಲೂ ಉಳಿಯುತ್ತದೆ. ಅದನ್ನು ಹೊತ್ತುಕೊಳ್ಳಲು ಆಗುವುದಾದರೆ ಮಾತ್ರ ಈ ಕೆಲಸಕ್ಕೆ ಬನ್ನಿ ಎನ್ನುತ್ತೇನೆ. ನಾಳೆ ಅಂಥದೇ ಹುಡುಗಿ ಬಂದು ಬಾಗಿಲು ಮುಂದೆ ಮಾಡಿ ಕೇಳಿದರೂ ನಾನು ಹೇಳುವುದು ಅದೇ ಉತ್ತರ. ಆದರೆ ಅಂದು ಆ ದೋಸೆಯನ್ನು ತಿಂದು ಮುಗಿಸಲು ನನ್ನಿಂದ ಆಗಲಿಲ್ಲ.