ಮೈ ಇಲ್ಲದ ಹದಿನೇಳು ಅಂಗಿ

ಬಸವಕಲ್ಯಾಣದ ಹುಣಸೆಮರದ ಗಲ್ಲಿಗೆ ಬಂದು ಯುನೂಸ್ ಟೇಲರ್ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ‘ಯಾಕ ಯುನೂಸ್’ ಎಂದರೆ ಸಣ್ಣ ಕೂಸೂ ಬೆರಳು ಮಾಡಿ ತೋರಿಸುತ್ತಿತ್ತು. ಆ ಹೆಸರನ್ನು ಅವನು ಪುಕ್ಕಟೆ ಗಳಿಸಿರಲಿಲ್ಲ. ಮದುವೆಯ ಸೂಟು ಹೊಲಿಸಲು ಬಂದ ವರನನ್ನು, ‘ಹುಡುಗಿ ನೋಡಿ ಒಪ್ಪಿದ್ಯೋ, ಮಾವನ ಹೊಲ ನೋಡಿ ಒಪ್ಪಿದ್ಯೋ?’ ಎಂದು ಕೇಳಿ ಗಿರಾಕಿ ಕಳೆದುಕೊಂಡವನು. ಹುಮನಾಬಾದ್ ಬಸ್ಸಿನ ಕಂಡಕ್ಟರನಿಗೆ, ದಿನಾ ಇಪ್ಪತ್ತು ನಿಮಿಷ ತಡವಾಗುವ ಬಸ್ಸಿನ ವೇಳೆಯನ್ನೇ ಇಪ್ಪತ್ತು ನಿಮಿಷ ಮುಂದಕ್ಕೆ ಬರೆದರೆ ಸರ್ಕಾರಕ್ಕೇನು ನಷ್ಟ ಎಂದು ಕೇಳಿ ಬೈಸಿಕೊಂಡವನು. ಶಾಲೆಯ ಅಂಗಳದ ಹುಣಸೆಮರವನ್ನು ಯಾರು ನೆಟ್ಟರು ಎಂದು ಗಲ್ಲಿಯ ಮುದುಕರನ್ನೆಲ್ಲ ಕೇಳಿ, ಕಡೆಗೆ ಒಬ್ಬ ಅಜ್ಜನಿಂದ ‘ನಾನೇ ನೆಟ್ಟೀನಿ, ಹೋಗು’ ಎನಿಸಿಕೊಂಡವನು. ಹೆಂಡತಿ ಲತೀಫಾ ಮಾತ್ರ ಈ ಗಂಡನನ್ನು ಸರಿಯಾಗಿ ತೂಗಿದ್ದಳು: ಹೊಲಿಯುವ ಕೈಗಿಂತ ಕೇಳುವ ಬಾಯಿ ದೊಡ್ಡದು.

ಓದಿದ್ದು ಉರ್ದು ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಕನ್ನಡ ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಿ. ಮಗಳು ಅತಿಯಾ ಹುಟ್ಟಿದ ಮೇಲೆ, ಬಸ್ಸಿನ ಬೋರ್ಡು ಓದುವುದಕ್ಕೇ ತನಗೆ ಮೂವತ್ತು ವರ್ಷ ಹಿಡಿಯಿತು, ಇವಳಿಗೆ ಹಾಗಾಗುವುದು ಬೇಡ ಎಂದು ಗಲ್ಲಿಯ ಸರ್ಕಾರಿ ಕನ್ನಡ ಶಾಲೆಗೆ ಹಾಕಿದ. ಮನೆಯಲ್ಲಿ ದಖನಿ ಉರ್ದು ಮಾತನಾಡುವ ಹುಡುಗಿ ಒಂದನೆಯ ಇಯತ್ತೆಯಲ್ಲಿ ಇಡೀ ವರ್ಷ ಬಾಯಿಯೇ ಬಿಡಲಿಲ್ಲ. ಮರುವರ್ಷ ವಿಜಯಶ್ರೀ ಟೀಚರ್ ಬಂದರು. ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಅವರು ಯುನೂಸನ ಅಂಗಡಿಗೇ ಬಂದು ಹತ್ತು ದಖನಿ ಮಾತು ಬರೆದುಕೊಂಡು ಹೋದರು. ತಿಂಗಳೊಪ್ಪತ್ತಿನಲ್ಲಿ ಅತಿಯಾ ಬಾಯಿ ಬಿಟ್ಟಳು. ಬಿಟ್ಟ ಬಾಯಿ ಆಮೇಲೆ ಮುಚ್ಚಲಿಲ್ಲ, ಅಪ್ಪನ ಮಗಳು ನೋಡಿ. ಅಂದಿನಿಂದ ಯುನೂಸನಿಗೆ ಆ ಟೀಚರೆಂದರೆ ಪೀರರಷ್ಟೇ ಭಕ್ತಿ.

ಎರಡು ಸಾವಿರದ ಒಂದರಲ್ಲಿ ಸರ್ಕಾರ ಪ್ರತಿ ಶಾಲೆಗೂ ಪಾಲಕರದೇ ಒಂದು ಸಮಿತಿ ಮಾಡಿತು. ಶಾಲೆಗೆ ಬಂದ ಬಟ್ಟೆ, ಬೆಂಚು, ದುಡ್ಡು ಎಲ್ಲದರ ಖರ್ಚಿಗೂ ಸಮಿತಿ ರುಜು ಹಾಕಬೇಕು. ಮೊದಲ ಸಭೆಯಲ್ಲೇ ಯುನೂಸ್ ಹತ್ತೊಂಬತ್ತು ಪ್ರಶ್ನೆ ಕೇಳಿದ. ಹೊರಗೆ ನಿಂತು ಕೇಳುವವನಿಗಿಂತ ಒಳಗೆ ಕೂತು ಕೇಳುವವನು ವಾಸಿ ಎಂದು ಹೆಡ್‌ಮಾಸ್ತರ ಗುರುನಾಥರು ಅವನನ್ನೇ ಸದಸ್ಯನನ್ನಾಗಿ ಮಾಡಿದರು. ಪಾಪ, ಗುರುನಾಥರು ಕೆಟ್ಟವರಲ್ಲ. ಶಾಲೆಯ ಸೋರುವ ಮಾಳಿಗೆಗೆ ಸ್ವಂತ ಕೈಯಿಂದ ತಾಡಪತ್ರಿ ತಂದು ಹೊದಿಸಿದವರು.

ಮರುವರ್ಷ ಆಷಾಢದಲ್ಲಿ ಸಮವಸ್ತ್ರದ ಬಟ್ಟೆ ಬಂತು. ಹಾಜರಿ ಪುಸ್ತಕದಲ್ಲಿ ನೂರಾ ಇಪ್ಪತ್ತೊಂಬತ್ತು ಹೆಸರು, ಅಷ್ಟೇ ಜನಕ್ಕೆ ಬಟ್ಟೆ. ಹೊಲಿಗೆಯ ಕೂಲಿಯನ್ನು ಅರ್ಧಕ್ಕಿಳಿಸಿ ಯುನೂಸನೇ ಹೊಲಿಯಲು ಒಪ್ಪಿದ. ಮೂರು ದಿನ ಹುಣಸೆಮರದ ಕೆಳಗೆ ನಿಂತು ಪ್ರತಿ ಮಗುವಿನ ಹೆಗಲು, ಎದೆ, ಸೊಂಟ ಅಳೆದ. ಅಳತೆಯ ಪುಸ್ತಕ ಎಣಿಸಿದರೆ ನೂರಾ ಹನ್ನೆರಡು ಮೈ.

‘ಸರ್, ಉಳಿದ ಹದಿನೇಳು ಮಕ್ಕಳು ಎಲ್ಲಿ ಅದಾವ್ರಿ?’

‘ಊರಿಗೆ ಹೋಗಿರ್ತಾವ ಯುನೂಸ್ ಭಾಯ್. ಅಂದಾಜಿಗೆ ಹೊಲೀರಿ. ಸಣ್ಣವು ಆರು, ನಡುವಿನವು ಆರು, ದೊಡ್ಡವು ಐದು.’

‘ಮೈ ನೋಡದ ಕತ್ತರಿ ಹ್ಯಾಂಗ ಹಾಕಲ್ರಿ? ಅಳತಿ ಇಲ್ಲದ ಕತ್ತರಸೋದು ಹೆಣಕ್ಕ ಹೊದಿಸೋ ಕಫನ್ ಒಂದ.’

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಇನ್ನು ಯುನೂಸನಿಗೆ ಅನ್ನ ಸೇರೀತೇ? ಹದಿನೇಳು ಹೆಸರು ಚೀಟಿಯಲ್ಲಿ ಬರೆದುಕೊಂಡು ಕೈ ತೊಳೆದುಕೊಂಡು ಬೆನ್ನು ಹತ್ತಿದ. ಮೊದಲ ಹೆಸರು ಸಂಗೀತಾ, ತಂದೆಯ ಹೆಸರು ಉತ್ತಮ. ಅವನು ಕಾಳುಕಡಿಯ ಅಡತಿ ಅಂಗಡಿಯಲ್ಲಿ ಚೀಲ ಹೊರುವವನು, ಮನೆಮಾತು ಮರಾಠಿ. ಅವನ ಮಗಳಿಗೆ ಯುನೂಸನೇ ಹಿಂದಿನ ವರ್ಷ ಪಂಚಮಿಗೆ ಲಂಗ ಹೊಲಿದಿದ್ದ. ಆದರೆ ಆ ಹುಡುಗಿಯ ಹೆಸರು ಸ್ನೇಹಲ್, ಓದುವುದು ಮುಂದಿನ ಗಲ್ಲಿಯ ಮರಾಠಿ ಶಾಲೆಯಲ್ಲಿ.

‘ನಿನಗ ಎರಡನೇ ಮಗಳು ಯಾವಾಗ ಹುಟ್ಟಿದಳೋ ಮಾರಾಯಾ?’

ಉತ್ತಮ ಹಲ್ಲು ಕಿರಿದ. ‘ಒಬ್ಬಾಕಿನೇರಿ. ಅಲ್ಲಿ ಸ್ನೇಹಲ್, ಇಲ್ಲಿ ಸಂಗೀತಾ. ಮೊದಲೆಲ್ಲ ಸಾಲ್ಯಾಗ ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಡ್ತಿದ್ರಲ್ರಿ? ಎರಡು ಸಾಲಿ, ಎರಡು ಹೆಸರು, ಆರು ಕಿಲೋ. ಈ ವರ್ಷ ಅಕ್ಕಿ ನಿಂತು ಬಿಸಿಊಟ ಬಂತು. ಎರಡು ಕಡೆ ಉಣ್ಣಾಕ ಹೊಟ್ಟಿ ಒಂದೇ ಅದ.’

ಹದಿನೇಳೂ ಅದೇ ಕಥೆ. ಕೆಲವು ಮರಾಠಿ ಶಾಲೆಯವು, ಕೆಲವು ಉರ್ದು ಶಾಲೆಯವು. ಅಕ್ಕಿ ನಿಂತರೂ ಹೆಸರು ನಿಂತಿರಲಿಲ್ಲ. ಯಾಕೆ ನಿಂತಿರಲಿಲ್ಲ ಎಂಬುದನ್ನು ಗುರುನಾಥರು ಕೋಣೆಯ ಬಾಗಿಲು ಹಾಕಿ ಹೇಳಿದರು. ನಲವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದು ಲೆಕ್ಕ. ನೂರಿಪ್ಪತ್ತು ದಾಟಿದರೆ ನಾಲ್ವರು, ದಾಟದಿದ್ದರೆ ಮೂವರು. ಒಬ್ಬರು ‘ಹೆಚ್ಚುವರಿ’ ಎನಿಸಿಕೊಂಡು ಬೇರೆ ಶಾಲೆಗೆ ಹೋಗಬೇಕು. ಎಲ್ಲರಿಗಿಂತ ಕಿರಿಯರೇ ಹೋಗಬೇಕು.

‘ಅಂದ್ರ ಯಾರು?’

‘ವಿಜಯಶ್ರೀ ಟೀಚರ್.’

ಸೆಪ್ಟೆಂಬರ್ ಮೂವತ್ತಕ್ಕೆ ಮೇಲಿನವರು ಬಂದು ತಲೆ ಎಣಿಸುವವರಿದ್ದರು. ಸುಳ್ಳು ಹೆಸರಿಗೆ ಅಂಗಿ ಹೊಲಿದು ರುಜು ಹಾಕಿದರೆ ಟೀಚರ್ ಉಳಿಯಬಹುದು. ಸಿಕ್ಕಿಬಿದ್ದರೆ ಗುರುನಾಥರ ನೌಕರಿ ಹೋಗುತ್ತದೆ. ನಿಜ ಹೇಳಿದರೆ ಅತಿಯಾ ಮತ್ತೆ ಬಾಯಿ ಮುಚ್ಚಿ ಕೂರುತ್ತಾಳೆ. ಎರಡು ರಾತ್ರಿ ಹೊರಳಾಡಿದ ಮೇಲೆ ಅವನಿಗೆ ಟೇಲರನಿಗೆ ಮಾತ್ರ ಹೊಳೆಯಬಹುದಾದ ಒಂದು ದಾರಿ ಹೊಳೆಯಿತು.

ಸಭೆ ಸೇರಿಸಿದ. ಹದಿನೇಳೂ ಹೆಸರು ಹೊಡೆದುಹಾಕೋಣ, ಹದಿನೇಳು ಅಂಗಿಗೆ ನಿಜವಾದ ಮೈ ಹುಡುಕೋಣ ಎಂದ. ‘ಟೀಚರ್ ಹೋಗಬಾರದು’ ಎಂದು ಮೊದಲು ಎದ್ದು ನಿಂತವನೂ ಅವನೇ. ಪಾಲಕರೆಲ್ಲ ಎದ್ದು ನಿಂತರು. ವಿಜಯಶ್ರೀ ಟೀಚರ್ ಮೂಲೆಯಲ್ಲಿ ತಲೆ ಬಗ್ಗಿಸಿ ಕೂತಿದ್ದರು. ನಾಚಿಕೆ ಎಂದುಕೊಂಡ ಯುನೂಸ್.

ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಮನೆಮನೆಗೆ ಹೋಗಿ ಹೇಳುವವರು ಬಸವಕಲ್ಯಾಣದಲ್ಲಿ ಮೊದಲೂ ಇದ್ದರು. ಅವರಿಗೆಲ್ಲ ಚಹಾ ಸಿಕ್ಕಿತ್ತು, ಮಕ್ಕಳು ಸಿಕ್ಕಿರಲಿಲ್ಲ. ಯುನೂಸ್ ಶಾಲೆಯ ಮಾತೇ ತೆಗೆಯಲಿಲ್ಲ. ಕೊರಳಿಗೆ ಟೇಪು ಹಾಕಿಕೊಂಡು ಹೋದ, ಮಗುವನ್ನು ನಿಲ್ಲಿಸಿದ, ಅಳತೆ ತೆಗೆದ. ಅಳತೆ ತೆಗೆದು ಹೊಲಿಯದೆ ಬಿಟ್ಟರೆ ಆ ಮೈಗೆ ಒಳ್ಳೆಯದಲ್ಲ ಎಂದು ಅವನ ಅಪ್ಪ ಹೇಳುತ್ತಿದ್ದ. ಆ ಮಾತನ್ನು ಆ ಕಡೆಯ ತಾಯಂದಿರು ಟೇಲರರಿಗಿಂತ ಹೆಚ್ಚು ನಂಬುತ್ತಿದ್ದರು.

ಇಟ್ಟಿಗೆ ಭಟ್ಟಿಯಲ್ಲಿ ಸಂಗಮ್ಮ ಎಂಬ ಹೆಣ್ಣುಮಗಳಿದ್ದಳು. ಅವಳ ಎಂಟು ವರ್ಷದ ಮಗಳು ಇಡೀ ದಿನ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿತ್ತು. ಯುನೂಸ್ ಆ ಹುಡುಗಿಯ ಹೆಗಲಿಗೆ ಟೇಪು ಹಿಡಿದ. ಸಂಗಮ್ಮ ಬುಟ್ಟಿ ಇಳಿಸಿ ಬಂದಳು.

‘ಯಾರ ಮದುವಿ ಅದ?’

‘ಮದುವಿ ಇಲ್ಲವ್ವ. ಅಳತಿ ಅಷ್ಟ.’

ವಾರ ಕಳೆದರೂ ಅಂಗಿ ಬರಲಿಲ್ಲ. ಸಂಗಮ್ಮ ಅಂಗಡಿಗೇ ಬಂದು ನಿಂತಳು. ‘ಅಳತಿ ತೊಗೊಂಡು ಸುಮ್ಮ ಕುಂತೀದಿ. ನನ್ನ ಮಗಳಿಗೆ ಏನಾರ ಆದ್ರ ನಿನ್ನ ಬಿಡಂಗಿಲ್ಲ ನೋಡು.’

‘ಅಂಗಿ ತಯಾರ ಅದ. ಸಾಲ್ಯಾಗ ಇಟ್ಟೀನಿ. ಆಕಿ ಬಂದು ಹಾಕ್ಕೋಬೇಕು.’

‘ಆಕಿ ಸಾಲಿಗೆ ಬಂದ್ರ ಸಣ್ಣಾವನ್ನ ನಿಮ್ಮಪ್ಪ ನೋಡ್ತಾನೇನು?’

‘ನಮ್ಮಪ್ಪ ತೀರಿ ಹತ್ತು ವರ್ಷ ಆತು. ಸಣ್ಣಾವನ್ನೂ ಕರ್ಕೊಂಡು ಬರಲಿ. ಮಧ್ಯಾಹ್ನ ಊಟ ಅದ.’

ಸಂಗಮ್ಮ ಅವನ ವಂಶಾವಳಿಯನ್ನೆಲ್ಲ ಬಯ್ದು ಹೋದಳು. ಮರುದಿನ ಹುಡುಗಿ ಬಂತು, ಸೊಂಟದ ಮೇಲೆ ತಮ್ಮನೂ ಬಂದ. ಆ ಹುಡುಗ ಎರಡು ದಿನ ಅತ್ತ. ಮೂರನೆಯ ದಿನದಿಂದ ವಿಜಯಶ್ರೀ ಟೀಚರ ತೊಡೆಯ ಮೇಲೆ ಕೂತು ಸೀಮೆಸುಣ್ಣದ ಕಡ್ಡಿ ಚೀಪತೊಡಗಿದ. ಅವರು ಅವನನ್ನು ಎಡಗೈಯಲ್ಲಿ ಎತ್ತಿಕೊಂಡೇ ಬಲಗೈಯಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದರು.

ಎರಡು ತಿಂಗಳಲ್ಲಿ ಹನ್ನೊಂದು ಮೈ ಸಿಕ್ಕವು. ಸೆಪ್ಟೆಂಬರ್ ಮೂವತ್ತಕ್ಕೆ ಬಂದ ಅಧಿಕಾರಿ ಎರಡು ಸಲ ಎಣಿಸಿದರು. ನೂರಾ ಇಪ್ಪತ್ತಮೂರು. ಪುಸ್ತಕದಲ್ಲೂ ಅಷ್ಟೇ, ಅಂಗಳದಲ್ಲೂ ಅಷ್ಟೇ. ಇಂಥ ಶಾಲೆ ನೋಡಿ ಬಹಳ ದಿನವಾಗಿತ್ತೋ ಏನೋ, ಅವರು ಮೂರನೆಯ ಸಲವೂ ಎಣಿಸಿದರು. ಉಳಿದ ಆರು ಬಟ್ಟೆಯನ್ನು ಯುನೂಸ್ ಗಂಟು ಕಟ್ಟಿ ಇಲಾಖೆಯ ಆಫೀಸಿಗೆ ಒಯ್ದ. ಅಲ್ಲಿನ ಗುಮಾಸ್ತ ಗಂಟನ್ನು ಹಾವು ನೋಡಿದಂತೆ ನೋಡಿದ.

‘ವಾಪಸ್ ತಂದಾವ್ರು ಇಲ್ಲಿ ಯಾರೂ ಇಲ್ರಿ. ಯಾವ ಪುಸ್ತಕದಾಗ ಬರೀಲಿ?’

‘ಹೊಸದು ಒಂದು ಮಾಡ್ರಿ’ ಎಂದ ಯುನೂಸ್. ಆ ಸಂಜೆ ಅವನ ಕಾಲು ನೆಲದ ಮೇಲಿರಲಿಲ್ಲ.

ಅಕ್ಟೋಬರಿನಲ್ಲಿ ಒಂದು ಶನಿವಾರ ಅವನು ತಂಗಿಯ ಮನೆಗೆಂದು ಹುಮನಾಬಾದ್ ಬಸ್ಸು ಹತ್ತಿದ. ಬಸ್ಸಿನಲ್ಲಿ ವಿಜಯಶ್ರೀ ಟೀಚರ್ ಇದ್ದರು. ಹಿಂದಿನ ಸೀಟಿನಲ್ಲಿ ಕೂತು ಯುನೂಸ್ ಅರ್ಧ ದಾರಿ ಹನ್ನೊಂದು ಮಕ್ಕಳ ಕಥೆಯನ್ನೇ ಹೇಳಿದ. ಕಡೆಗೆ, ‘ಅಂತೂ ನಿಮ್ಮನ್ನ ಉಳಿಸಿಕೊಂಡ್ವಿ ನೋಡ್ರಿ ಟೀಚರ್’ ಎಂದ.

ಅವರು ಸೀಟಿನಲ್ಲೇ ಹಿಂದಕ್ಕೆ ತಿರುಗಿದರು.

‘ಯುನೂಸ್ ಭಾಯ್, ನನ್ನ ಹೆಸರು ಹೆಚ್ಚುವರಿ ಅಂತ ಬಂದಿದ್ರ ನಾನು ಹುಮನಾಬಾದದಾಗ ಸಾಲಿ ಕೇಳಬಹುದಿತ್ತು. ನಮ್ಮ ಓಣಿ ಸಾಲ್ಯಾಗ ಜಾಗಾ ಖಾಲಿ ಇತ್ತು. ಎರಡು ವರ್ಷದಿಂದ ಅದನ್ನ ಕಾಯಾಕತ್ತಿದ್ದೆ.’

‘ಹಂಗಾರ ಹೇಳಬೇಕಿತ್ತಲ್ರಿ.’

‘ಯಾವಾಗ ಹೇಳಲಿ? ಸಭಾದಾಗ ಎಲ್ಲಾರೂ ಎದ್ದು ನಿಂತ್ರಿ. ನೀವೇ ಮೊದಲ ನಿಂತ್ರಿ. ಹುಣಸಿ ಗಿಡ ಯಾರು ನೆಟ್ರು ಅಂತ ಕೇಳ್ತೀರಿ, ಬಸ್ಸು ಯಾಕ ತಡ ಆತು ಅಂತ ಕೇಳ್ತೀರಿ. ನನಗ ಒಂದು ಮಾತು ಕೇಳಲಿಲ್ಲ.’

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಹುಮನಾಬಾದಿನ ನಿಲ್ದಾಣದಲ್ಲಿ ಅವರ ಅತ್ತೆ ಎರಡೂವರೆ ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದರು. ಟೀಚರ್ ಎರಡೂ ಕೈ ಚಾಚಿದರು. ಮಗು ಒಮ್ಮೆ ಅವರ ಮುಖ ನೋಡಿತು, ಅಜ್ಜಿಯ ಕುತ್ತಿಗೆ ತಬ್ಬಿ ಮುಖ ತಿರುಗಿಸಿತು.

‘ದಿನಾ ಹಿಂಗೇ’ ಎಂದರು ಟೀಚರ್, ಯಾರನ್ನೂ ನೋಡದೆ. ‘ಮಲಗೋ ಹೊತ್ತಿಗೆ ಹೊಂದ್ಕೋತಾಳ. ಮುಂಜಾನೆ ಏಳೋದ್ರಾಗ ಮತ್ತ ನಾನು ಇರಂಗಿಲ್ಲ.’

ಯುನೂಸ್ ತಂಗಿಯ ಮನೆಯಲ್ಲಿ ಊಟದ ತಟ್ಟೆ ಸರಿಸಿ ಎದ್ದ. ಅಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಇಡೀ ಊರಿನ ಉಸಾಬರಿ ಮಾಡುವವನು, ಎರಡು ವರ್ಷ ಆ ಹೆಣ್ಣುಮಗಳಿಗೆ ಮಕ್ಕಳೆಷ್ಟು ಎಂದು ಕೇಳಿರಲಿಲ್ಲ. ತನ್ನ ಮಗಳ ಬಾಯಿ ಬಿಡಿಸಿದರಲ್ಲ, ಅವನಿಗೆ ಅಷ್ಟು ಸಾಕಾಗಿತ್ತು.

ಮರುವರ್ಷ ಬೇಸಿಗೆಯಲ್ಲಿ ವರ್ಗಾವಣೆಯ ಕಾಲ ಬಂತು. ಗುರುನಾಥರು ಸಭೆ ಕರೆದು, ವಿಜಯಶ್ರೀ ಟೀಚರನ್ನು ಇಲ್ಲಿಂದ ಬಿಡಬಾರದೆಂದು ಸಮಿತಿಯಿಂದ ಮೇಲಕ್ಕೆ ಒಂದು ಅರ್ಜಿ ಬರೆಯೋಣ ಎಂದರು. ಕಾಗದ ತೆಗೆದು ಪೆನ್ನಿನ ಟೋಪಿಯನ್ನೂ ಬಿಚ್ಚಿದರು. ಪಾಲಕರೆಲ್ಲ ಯುನೂಸನ ಮುಖ ನೋಡಿದರು, ಮೊದಲು ಏಳುವವನು ಅವನೇ ಅಲ್ಲವೇ. ಅವನು ಎದ್ದ. ಕಿಟಕಿಯ ಸರಳು ಹಿಡಿದು ಅತಿಯಾ ನಿಂತಿದ್ದಳು. ಅವಳ ಕಡೆ ನೋಡಿದರೆ ಮಾತು ಬರುವುದಿಲ್ಲವೆಂದು ಅವನು ನೋಡಲಿಲ್ಲ.

‘ಟೀಚರ್, ನಿಮಗ ಏನು ಬೇಕ್ರಿ?’

ವಿಜಯಶ್ರೀ ತಲೆ ಎತ್ತಿದರು. ‘ಹುಮನಾಬಾದ’ ಎಂದರು.

ಗುರುನಾಥರು ಪೆನ್ನಿನ ಟೋಪಿ ಹಾಕಿದರು. ನೂರಾ ಇಪ್ಪತ್ತಮೂರು ನಿಜವಾದ ತಲೆಗಳಿದ್ದುದರಿಂದ ನಾಲ್ಕನೆಯ ಹುದ್ದೆಗೇನೂ ಧಕ್ಕೆಯಾಗಲಿಲ್ಲ. ಜೂನ್ ತಿಂಗಳಲ್ಲಿ ಚಿಟಗುಪ್ಪದ ಕಡೆಯ ಒಬ್ಬ ಹೊಸ ಮಾಸ್ತರರು ಬಂದರು. ಒಳ್ಳೆಯವರೇ, ಆದರೆ ಅವರಿಗೆ ದಖನಿ ಬರುತ್ತಿರಲಿಲ್ಲ, ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುವುದೂ ಬರುತ್ತಿರಲಿಲ್ಲ. ಸಂಗಮ್ಮನ ಸಣ್ಣ ಹುಡುಗ ಮತ್ತೆ ಎರಡು ದಿನ ಅತ್ತ.

ಅತಿಯಾ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಲತೀಫಾ ಟೀಚರ ಸಣ್ಣ ಮಗಳ ಕಥೆ ಹೇಳಿ ಸಮಾಧಾನ ಮಾಡಿದಳು, ಗದರಿದಳು, ಖೀರು ಮಾಡಿ ಕೊಟ್ಟಳು. ಯಾವುದಕ್ಕೂ ಮಗಳು ಬಗ್ಗಲಿಲ್ಲ. ಯುನೂಸ್ ಮಷೀನು ತುಳಿಯುತ್ತಿದ್ದ. ನಾಲ್ಕನೆಯ ದಿನ ಸಂಜೆ ಹುಡುಗಿ ಅಂಗಡಿಗೆ ಬಂದು ಮಷೀನಿನ ಪಕ್ಕ ನಿಂತಳು.

‘ಅಬ್ಬಾ, ಟೀಚರ್ ಮಗಳು ಈಗಾದ್ರೂ ಅವರ ಹತ್ರ ಬರ್ತಾಳೇನು?’

ಯುನೂಸ್ ಕಾಲು ನಿಲ್ಲಿಸಿದ. ‘ಗೊತ್ತಿಲ್ಲ ಬೇಟಿ’ ಎಂದ. ‘ಐತವಾರ ಹೋಗಿ ಕೇಳೋಣ.’