ಬೆಳ್ಳಿ ಗೆರೆ ಮತ್ತು ಅಡಿಕೆಯ ಚೊಗರು

ದಾವಣಗೆರೆಯ ನಮ್ಮ ಪ್ರಯೋಗಾಲಯಕ್ಕೆ ಹೊಸ ಮುದ್ರಣ ಯಂತ್ರ ಬಂದಾಗ ಅದನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಬೆಳ್ಳಿಯ ಕಣಗಳಿರುವ ಶಾಯಿಯನ್ನು ಅದು ಮಂಜಿನಂತೆ ಒಡೆದು, ಸೂಜಿಯಂಥ ಮೂತಿಯಿಂದ ಗಾಳಿಯ ಜೊತೆ ಹೊರಬಿಡುತ್ತದೆ. ಮೂತಿ ಹಾಳೆಯನ್ನು ಮುಟ್ಟುವುದೇ ಇಲ್ಲ. ಕೂದಲಿಗಿಂತ ಸಣ್ಣ ಗೆರೆ ಬೀಳುತ್ತದೆ. ಚನ್ನಗಿರಿಯಿಂದ ಬೆಳಗಿನ ಬಸ್ಸಿಗೆ ಹೋಗಿ, ಮೊದಲ ಎರಡು ತಿಂಗಳು ನಾನು ಮುದ್ರಿಸಿದ್ದಕ್ಕಿಂತ ಕಟ್ಟಿಕೊಂಡ ಮೂತಿಯನ್ನು ತೊಳೆದದ್ದೇ ಹೆಚ್ಚು.

ಮನೆಯಲ್ಲಿ ನನ್ನ ಗಂಡನ ತಾಯಿಯದು ಅಡಿಕೆ ಬೇಯಿಸಿ ಒಣಗಿಸುವ ಕೆಲಸ. ನಾಲ್ಕು ಕಾಯಿ ಅಂಗೈಯಲ್ಲಿ ಅಲ್ಲಾಡಿಸಿ, ಸದ್ದು ಕೇಳಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಆ ವರ್ಷ ಅವರು ಒಣಗಿದೆ ಎಂದು ತುಂಬಿಸಿಟ್ಟ ಚೀಲಗಳಲ್ಲಿ ಐದಕ್ಕೆ ಬೂಷ್ಟು ಹಿಡಿಯಿತು. ಅತ್ತೆ ಯಾರನ್ನೂ ಬೈಯಲಿಲ್ಲ. ಚೀಲದ ಬಾಯಿ ಬಿಚ್ಚಿ, ಬೂಷ್ಟು ಹಿಡಿದ ಕಾಯಿಗಳನ್ನು ಒಂದೊಂದಾಗಿ ಆರಿಸಿ ಬದಿಗಿಡುತ್ತಿದ್ದರು. ನನಗೆ ಅದೇ ತಡೆಯಲಾಗಲಿಲ್ಲ.

ಚೀಲದೊಳಗಿನ ತೇವ ಹೇಳುವ ಪಟ್ಟಿಯೊಂದನ್ನು ಮುದ್ರಿಸಿಯೇ ತೀರಬೇಕೆಂದು ಹಟ ಹಿಡಿದೆ. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ, ಒಂದರ ಹಲ್ಲಿನೊಳಗೆ ಇನ್ನೊಂದರ ಹಲ್ಲು ಸೇರಿಸಿದ ಎರಡು ಬಾಚಣಿಗೆಗಳಂತೆ ಬೆಳ್ಳಿ ಗೆರೆಗಳು. ತೇವ ಏರಿದರೆ ಅವುಗಳ ನಡುವಿನ ವಿದ್ಯುತ್ತಿನ ಅಳತೆಯೂ ಏರುತ್ತದೆ. ಅದು ಫೋನಿನಲ್ಲಿ ಕಾಣುತ್ತದೆ. ಪ್ರಯೋಗಾಲಯದಲ್ಲಿ ಎಲ್ಲ ಸರಿಯಾಗಿತ್ತು. ಮನೆಯ ಚೀಲದಲ್ಲಿಟ್ಟರೆ ಒಂಬತ್ತನೆಯ ದಿನ ಗೆರೆಗಳು ಕಪ್ಪಾಗಿ ಅಳತೆ ನಿಂತುಹೋಯಿತು. ಶಾಯಿಯದೇ ದೋಷವೆಂದು ಶಾಯಿ ಬದಲಿಸಿದೆ. ಮತ್ತೆ ಕಪ್ಪಾಯಿತು. ನಮ್ಮ ಮುಖ್ಯಸ್ಥರು ಇದನ್ನು ಬಿಟ್ಟು ಬೇರೆ ವಿಷಯ ಹಿಡಿಯಲು ಹೇಳಿದರು. ಇನ್ನೊಂದು ತಿಂಗಳು ಕೊಡಿ ಎಂದು ಕೇಳಿಕೊಂಡೆ.

ಆ ಸಂಜೆ ಹಾಳಾದ ಪಟ್ಟಿಯನ್ನು ಅತ್ತೆಗೆ ತೋರಿಸಿದೆ. ಅವರು ಬಾಗಿಲ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದರು.

"ಇದು ಚೊಗರಿನ ಕಲೆ ಕಣವ್ವ. ಅಡಿಕೆ ಬೇಯ್ಸಿದ ನೀರು ಕಾಯಿಗೆ ಹತ್ತಿರ್ತೈತಲ್ಲ, ಅದು. ನಮ್ಮ ಅಡಿಕೆ ಸುಲಿಯೋ ಕತ್ತಿಗಳೂ ಹಿಂಗೇ ಕಪ್ಪಾಗ್ತಾವೆ. ಅದಕ್ಕೇ ಎಣ್ಣೆ ಸವರಿ ಇಡ್ತೀವಿ."

ತಿಂಗಳುಗಟ್ಟಲೆ ನಾನು ಶಾಯಿಯನ್ನು ಬೈಯುತ್ತಿದ್ದೆ. ಮರುದಿನ ಅದೇ ಯಂತ್ರಕ್ಕೆ ಪಾರದರ್ಶಕ ಅಂಟಿನಂಥ ಇನ್ನೊಂದು ಶಾಯಿ ತುಂಬಿ, ಬೆಳ್ಳಿ ಗೆರೆಗಳ ಮೇಲೆ ಹೊದಿಕೆ ಹಾಕತೊಡಗಿದೆ. ದಪ್ಪವಾದರೆ ಪಟ್ಟಿಗೆ ತೇವವೇ ತಿಳಿಯುತ್ತಿರಲಿಲ್ಲ, ತೆಳುವಾದರೆ ಚೊಗರು ಇಳಿಯುತ್ತಿತ್ತು. ಹನ್ನೆರಡನೆಯ ಬಾರಿಗೆ ಹದ ಸಿಕ್ಕಿತು. ಆ ಪಟ್ಟಿ ಚೀಲದಲ್ಲಿ ಮೂರು ವಾರ ಕಳೆದರೂ ಬೆಳ್ಳಗೇ ಇತ್ತು.

ಮುಂದಿನ ಕೊಯ್ಲಿಗೆ ಅತ್ತೆ ಎಂದಿನಂತೆ ಕಾಯಿ ಅಲ್ಲಾಡಿಸಿ, ಚೀಲ ಹೊಲಿಯಬಹುದು ಎಂದರು. ಆ ಚೀಲದೊಳಗೆ ನಾನು ಪಟ್ಟಿ ಇಟ್ಟಿದ್ದೆ, ಫೋನು ಇನ್ನೂ ತೇವವಿದೆ ಎನ್ನುತ್ತಿತ್ತು. ಹೇಳಲು ಅಳುಕಾಯಿತು, ಆದರೂ ಹೇಳಿದೆ.

"ಒಂದು ಕಾಯಿ ಕತ್ತರಿಸಿ ನೋಡ್ರಿ ಅತ್ತೆ."

ಅಡಕತ್ತರಿಯಲ್ಲಿ ಎರಡು ಹೋಳು ಮಾಡಿದರು. ನಡುವೆ ಒದ್ದೆಯಿತ್ತು. ಇನ್ನೊಂದನ್ನು ಕತ್ತರಿಸಿದರು, ಅದೂ ಹಾಗೇ. ಚೀಲವನ್ನು ಮತ್ತೆ ಚಾಪೆಗೆ ಸುರಿಸಿ, ಆಳುಗಳು ಆಚೆ ಹೋದ ಮೇಲೆ ನನ್ನ ಪಕ್ಕ ಬಂದು ನಿಂತರು.

"ಎರಡು ವರ್ಷ ಆಯ್ತು, ಸದ್ದು ಸರಿಯಾಗಿ ಕೇಳಾಕೆ ಆಗ್ತಿಲ್ಲ. ಅಂದಾಜಿನ ಮೇಲೆ ಹೇಳ್ತಿದ್ದೆ."

ಕಿವಿ ಡಾಕ್ಟರ ಬಳಿ ಹೋಗೋಣ ಎಂದೆ. ಉಳಿದ ಚೀಲಗಳಿಗೂ ಪಟ್ಟಿ ಮಾಡಿಕೊಂಡು ಬಾ, ಆಮೇಲೆ ಬರುತ್ತೇನೆ ಎಂದರು. ಹದಿನೆಂಟು ಪಟ್ಟಿ ಬೇಕಿತ್ತು. ಶನಿವಾರ ಮುಗಿಸಿದೆ, ಸೋಮವಾರ ಅವರನ್ನು ಕರೆದುಕೊಂಡು ಹೊರಟೆ.