ದೃಷ್ಟಿ ತಾಗದ ಮುದ್ದು

ಪಕ್ಕದ ಮನೆಯಲ್ಲಿ ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಾರೆ. ಈ ವಯಸ್ಸಿನಲ್ಲಿ ಆ ಹೊಗೆಗೆ ನನಗೆ ಮೊದಲು ಬರುವುದು ಕೆಮ್ಮು, ಆಮೇಲೆ ಲ್ಯಾಟಿನ್. ನಗಬೇಡಿ. ಪಾದ್ರಿಯಾಗಲೆಂದು ಅಪ್ಪ ನನ್ನನ್ನು ಬೆಂಗಳೂರಿನ ಗುರುಮಠಕ್ಕೆ ಸೇರಿಸಿದ್ದರು; ಅಲ್ಲಿ ಪೂಜೆಗೆ ಇದೇ ಹೊಗೆ, ಪಾಠಕ್ಕೆ ಲ್ಯಾಟಿನ್. ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ನನಗೆ ಓದು ಸಾಕಾಗಿತ್ತು, ಅಲ್ಲಿನ ಗುರುಗಳಿಗೆ ನಾನು ಸಾಕಾಗಿದ್ದೆ. ಮುಳಬಾಗಿಲಿನ ಮನೆಗೆ ಹೊತ್ತು ತಂದದ್ದು ಒಂದು ಟ್ರಂಕು, ಒಂದಷ್ಟು ವ್ಯಾಕರಣ.

ಅದರಲ್ಲಿ ನನಗೆ ಹಿಡಿಸಿದ ಪಾಠ ಒಂದೇ. ಯಾವುದನ್ನಾದರೂ ಪುಟ್ಟದು ಮಾಡಬೇಕೆಂದರೆ ರೋಮಿನವರು ಹೆಸರಿನ ಬಾಲಕ್ಕೆ ಒಂದು ಲಕಾರ ಸೇರಿಸುತ್ತಿದ್ದರಂತೆ. ರೋಸಾ ಎಂದರೆ ಗುಲಾಬಿ, ರೋಸುಲಾ ಪುಟ್ಟ ಗುಲಾಬಿ. ಫೀಲಿಯಾ ಎಂದರೆ ಮಗಳು. ಅಲ್ಲಿ ಮುಂಚೆಯೇ ಒಂದು ಇಕಾರ ಕೂತಿರುವುದರಿಂದ 'ಉಲಾ' ಬದಲು 'ಓಲಾ' ಬಂದು ಫೀಲಿಯೋಲಾ ಆಗುತ್ತದೆ. ಬರೀ ಪುಟ್ಟದಲ್ಲ, ಮುದ್ದು ಕೂಡ.

ನಮ್ಮ ಮನೆಯಲ್ಲಿ ಆಗ ಮುದ್ದು ಮಾಡುವುದೆಂದರೆ ಭಯ. ನನ್ನ ಬೆನ್ನಿಗೆ ಹುಟ್ಟಿದ ಮಕ್ಕಳೆಲ್ಲ ತೊಟ್ಟಿಲಲ್ಲೇ ಹೋಗಿದ್ದವು. ಕೊನೆಗೆ ಹುಟ್ಟಿದ ತಂಗಿಯನ್ನು ಮೊರದಲ್ಲಿಟ್ಟು, ತಿಪ್ಪೆಯ ಮೇಲೆ ಹೊರಳಿಸಿ, ಪೆಂಟಮ್ಮ ಎಂದು ಕರೆದರು. ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ. ಯಾರಿಗೂ ಬೇಡದ ಮಗು ಅಂದುಕೊಂಡು ಸಾವು ಮುಂದಿನ ಮನೆಗೆ ಹೋಗಲಿ ಅಂತ. ಜ್ಞಾನಸ್ನಾನದ ಹೆಸರು ಚರ್ಚಿನಲ್ಲೇ ಉಳಿಯಿತು. ಅಮ್ಮ ಅವಳನ್ನು 'ಚಿನ್ನ' ಎನ್ನಲೂ ಹೆದರಿ, ಮುಖ ನೋಡದೆ ಹಾಲೂಡಿಸುತ್ತಿದ್ದಳು.

ಒಂದು ಸಂಜೆ ರಾಗಿ ಬೀಸುತ್ತಿದ್ದ ಅಮ್ಮನಿಗೆ ಫೀಲಿಯೋಲಾ ಎಂಬ ಪದ, ಅದರ ಅರ್ಥ ಎರಡನ್ನೂ ಹೇಳಿಕೊಟ್ಟೆ. ಅವಳು ಬೀಸುವುದು ನಿಲ್ಲಿಸಿದಳು.

"ಇದು ಈ ಸೀಮೇಲಿ ಯಾರಿಗಾದ್ರೂ ತಿಳೀತದೇನಪ್ಪಾ?"

"ಚರ್ಚಿನ ಸ್ವಾಮಿಗಳನ್ನ ಬಿಟ್ರೆ ಯಾರಿಗೂ ತಿಳಿಯಲ್ಲಮ್ಮ."

"ಹಂಗಾದ್ರೆ ನೀನೂ ಬಾಯಿ ಬಿಡಬೇಡ."

ಅವತ್ತಿನಿಂದ ನೀರು ಹಾಕುವಾಗ, ತಲೆ ಬಾಚುವಾಗ ಅಮ್ಮನ ಬಾಯಲ್ಲಿ ಅದೇ: ಪಿಲಿಯೋಲಾ. ದೃಷ್ಟಿಗೆ ಹೆದರಿ ದನಿ ಮಾತ್ರ ಗದರಿಕೆಯದು. ತಂಗಿ ಮದುವೆಯಾಗಿ ಮಾಲೂರಿಗೆ ಹೊರಟ ದಿನವೂ ಹಾಗೇ ಗದರಿ ಕಳಿಸಿದಳು. ಅಮ್ಮ ಹೋಗಿ ಎಷ್ಟೋ ಕಾಲವಾಯಿತು.

ಮಾಲೂರಿನಿಂದ ನಿನ್ನೆ ಬಂದ ಪೆಂಟಮ್ಮ ಈಗ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಅವಳ ತಲೆಯೂ ಹಣ್ಣಾಗಿದೆ. ಹೊಗೆ ಅವಳ ಮೂಗಿಗೂ ಬಡಿದಿರಬೇಕು.

"ಅಮ್ಮ ನನ್ನ ಒಂದು ದಿನಾನೂ ಮುದ್ದಾಗಿ ಕರೀಲಿಲ್ಲ ಕಣಣ್ಣ," ಎಂದಳು. "ಪೆಂಟಾ ಅನ್ನೋಳು, ಇಲ್ಲಾಂದ್ರೆ ಪಿಲಿಯೋಲಾ ಅಂತ ಅದೇನೋ ಬಯ್ಯೋಳು."

ಅಮ್ಮನೇ ಎಂದಾದರೂ ಹೇಳಿರುತ್ತಾಳೆ ಎಂದು ನಾನು ತಿಳಿದಿದ್ದೆ. ಮಾತಾಡಲೂ ಆಯಾಸ, ಆದರೂ ಹಳೇ ಪಾಠ ಒಪ್ಪಿಸಿದೆ. ರೋಸಾ, ರೋಸುಲಾ. ಫೀಲಿಯಾ, ಫೀಲಿಯೋಲಾ. ಅರ್ಥವನ್ನೂ ಹೇಳಿದೆ.

ಅವಳು ಸೆರಗಿನ ಅಂಚು ಮಡಿಸಿದಳು, ಬಿಚ್ಚಿದಳು.

"ದಿನಾ ಅಂತಿದ್ಲಲ್ಲಣ್ಣ," ಎಂದಳು. "ದಿನಾ."